ಸೋಲ್ಡ್‌ಬೂಖ್ ಓದುವ ಬಗೆ: ಒಬ್ಬ ಜರ್ಮನ್ ಕಾಲಾಳಿನ ನಾಲ್ಕು ವರ್ಷಗಳ ಜಾಡು

ಮೇಜಿನ ಮೇಲಿರುವುದು ಕಿಸೆಗೆ ಹಿಡಿಸುವಷ್ಟು ಚಿಕ್ಕದಾದ ಒಂದು ಪುಸ್ತಕ. ಮಣ್ಣುಬಣ್ಣದ ರಟ್ಟು, ಬೆನ್ನಿನಲ್ಲಿ ತುಕ್ಕು ಹಿಡಿದ ಪಿನ್ನು, ಅಂಚುಗಳು ಬೆವರಿಗೆ ಕಪ್ಪಾಗಿವೆ. ಹಿಟ್ಲರನ ಕಾಲದ ಜರ್ಮನ್ ಭೂಸೇನೆಯ ಪ್ರತಿಯೊಬ್ಬ ಸೈನಿಕನೂ ಅಂಗಿಯ ಎದೆಕಿಸೆಯಲ್ಲಿ ಸದಾ ಇಟ್ಟುಕೊಂಡಿರಬೇಕಾಗಿದ್ದ ಸೋಲ್ಡ್‌ಬೂಖ್ ಇದು. ಸಂಬಳದ ಪುಸ್ತಕ ಎಂಬುದು ಅದರ ಪದಶಃ ಅರ್ಥ. ನಿಜದಲ್ಲಿ ಗುರುತಿನ ಚೀಟಿ, ಬಟ್ಟೆಯ ಲೆಕ್ಕ, ಚುಚ್ಚುಮದ್ದಿನ ಪಟ್ಟಿ, ಆಸ್ಪತ್ರೆಯ ದಾಖಲೆ, ರಜೆಯ ಚೀಟಿ ಎಲ್ಲವೂ ಇದೇ. ಇದರ ಒಡೆಯ ವ್ಯುರ್ಟೆಂಬರ್ಗ್ ಸೀಮೆಯ ಒಬ್ಬ ರೈತ, 1941ರ ಆರಂಭದಲ್ಲಿ ಸೇನೆಗೆ ಕರೆಸಿಕೊಂಡ ಕಾಲಾಳು. ಹೆಸರು ಇಲ್ಲಿ ಬೇಡ. ಅವನು ಯಾವ ತುಕಡಿಯಲ್ಲಿದ್ದ, ಎಲ್ಲೆಲ್ಲಿ ಹೋದ, ಯಾವಾಗ ಹೇಗೆ ಹೊರಬಂದ ಎಂಬುದನ್ನು ಈ ಪುಸ್ತಕದಿಂದ ಹೊರಡಿಸುವ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇವೆ.

ಕೆಲಸ ಶುರುಮಾಡುವ ಮುನ್ನ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಮೊದಲನೆಯದು ವೇರ್‌ಪಾಸ್. ಸೇನೆಗೆ ಯೋಗ್ಯನೇ ಎಂದು ವೈದ್ಯರು ಪರೀಕ್ಷಿಸಿದ ದಿನವೇ ಯುವಕನ ಕೈಗೆ ಕೊಡುತ್ತಿದ್ದ ಪುಸ್ತಕ. ಅವನು ಬ್ಯಾರಕ್ಕಿಗೆ ಬಂದ ದಿನ ಅದನ್ನು ವಾಪಸು ಪಡೆದು ಕಂಪನಿಯ ಕಚೇರಿಯಲ್ಲಿಟ್ಟು, ಬದಲಿಗೆ ಸೋಲ್ಡ್‌ಬೂಖ್ ಕೊಡುತ್ತಿದ್ದರು. ಬಿಡುಗಡೆಯಾದಾಗ ವೇರ್‌ಪಾಸ್ ಮತ್ತೆ ಅವನಿಗೆ, ಸತ್ತರೆ ಮನೆಯವರಿಗೆ. ಮೂರನೆಯದು ಕೊರಳಿನ ಗುರುತುಬಿಲ್ಲೆ. ಮೊಟ್ಟೆಯಾಕಾರದ ಲೋಹದ ಬಿಲ್ಲೆ, ನಡುವೆ ಮುರಿಯಲು ಅನುಕೂಲವಾಗುವಂತೆ ಸೀಳುಗಳು, ಮೇಲಿನ ಅರ್ಧದಲ್ಲೂ ಕೆಳಗಿನ ಅರ್ಧದಲ್ಲೂ ಒಂದೇ ಬರಹ. ಸೈನಿಕ ಸತ್ತರೆ ಕೆಳಗಿನ ಅರ್ಧವನ್ನು ಮುರಿದು ಕಳಿಸಬೇಕು, ಮೇಲಿನ ಅರ್ಧ ಹೆಣದ ಜೊತೆಗೇ ಉಳಿಯಬೇಕು. ಬಿಲ್ಲೆಯ ಮೇಲೆ ಹೆಸರಿಲ್ಲ. ಬಿಲ್ಲೆ ಕೊಟ್ಟ ತುಕಡಿಯ ಹೆಸರು, ಒಂದು ಕ್ರಮಸಂಖ್ಯೆ, ಕೆಲವೊಮ್ಮೆ ರಕ್ತದ ಗುಂಪು, ಇಷ್ಟೇ.

ಬಿಲ್ಲೆಯ ಬರಹವೇ ಸೋಲ್ಡ್‌ಬೂಖಿನ ಮೊದಲ ಪುಟದಲ್ಲೂ ಇರುತ್ತದೆ, ಮತ್ತು ಬಹುಪಾಲು ಮಂದಿ ಎಡವುವುದು ಇಲ್ಲೇ. ಬಿಲ್ಲೆಯಲ್ಲಿರುವುದು ಸಾಮಾನ್ಯವಾಗಿ ಎರ್‌ಜಾಟ್ಸ್ ಬಟಾಲಿಯನ್, ಅಂದರೆ ಊರಿನ ಹತ್ತಿರ ಹೊಸಬರನ್ನು ಸೇರಿಸಿಕೊಂಡು ತರಬೇತಿ ಕೊಟ್ಟು ಕಳಿಸುವ ಬದಲಿಪಡೆ. ಆ ಪಡೆ ಸಾಮಾನ್ಯವಾಗಿ ಯುದ್ಧಭೂಮಿ ಕಂಡಿದ್ದಿಲ್ಲ. ಸೈನಿಕ ಆಮೇಲೆ ಐದು ರೆಜಿಮೆಂಟ್ ಬದಲಿಸಿದರೂ ಬಿಲ್ಲೆ ಕಳೆದುಹೋಗದ ಹೊರತು ಅದೇ ಇರುತ್ತದೆ. ‘ನಮ್ಮಜ್ಜ ಈ ಬಟಾಲಿಯನ್ನಿನಲ್ಲಿ ರಷ್ಯಾದಲ್ಲಿ ಹೋರಾಡಿದ’ ಎಂದು ಮನೆಯವರು ನಂಬಿಕೊಂಡಿರುವ ಕತೆಗಳಲ್ಲಿ ಎಷ್ಟೋ ಈ ಒಂದು ಸಾಲಿನಿಂದ ಹುಟ್ಟಿದವು.

ಪುಸ್ತಕ ಬಿಚ್ಚುವಾಗ ಪೂರ್ತಿ ಮಲಗಿಸಬೇಡಿ, ನೆಟ್ಟಗೆ ಅರ್ಧದಷ್ಟು ತೆರೆದರೆ ಸಾಕು. ಪಿನ್ನಿನ ತುಕ್ಕು ಕಾಗದವನ್ನು ಕೊರೆದಿರುತ್ತದೆ, ಒತ್ತಿದರೆ ನಡುವಿನ ಹಾಳೆ ಕಳಚಿ ಬರುತ್ತದೆ. ಪಿನ್ನು ಕೀಳುವ ಉಸಾಬರಿ ಬೇಡವೇ ಬೇಡ. ಒದ್ದೆ ಬಟ್ಟೆಯಿಂದ ಒರೆಸಲೂಬಾರದು. ಅನೇಕ ದಾಖಲೆಗಳನ್ನು ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ. ಒಣಗಿದ್ದಾಗ ಬೂದುಬಣ್ಣದ ಆ ಗೆರೆ ಹನಿ ನೀರು ತಾಕಿದರೆ ನೇರಳೆಯಾಗಿ ಹರಡಿ ಅಕ್ಷರವನ್ನೇ ನುಂಗುತ್ತದೆ. ಎಲ್ಲ ಪುಟಗಳನ್ನೂ, ಖಾಲಿ ಪುಟಗಳನ್ನೂ ಸೇರಿಸಿ, ಒಮ್ಮೆ ನೇರ ಬೆಳಕಿನಲ್ಲಿ, ಇನ್ನೊಮ್ಮೆ ಪಕ್ಕದಿಂದ ಬಿದ್ದ ಓರೆಬೆಳಕಿನಲ್ಲಿ ಫೋಟೊ ತೆಗೆಯಿರಿ. ಶಾಯಿ ಮಾಸಿದ ಮೊಹರು ಓರೆಬೆಳಕಿನಲ್ಲಿ ಒತ್ತಿನ ಗುರುತಾಗಿ ಕಾಣುತ್ತದೆ. ಮುಂದಿನ ಕೆಲಸವೆಲ್ಲ ಫೋಟೊಗಳ ಮೇಲೆಯೇ, ಪುಸ್ತಕ ಮತ್ತೆ ಆಮ್ಲವಿಲ್ಲದ ಕಾಗದದ ಲಕೋಟೆಗೆ.

ಲಿಪಿಯ ತೊಡಕು ದೊಡ್ಡದು. ಮುದ್ರಿತ ಶೀರ್ಷಿಕೆಗಳು ಫ್ರಾಕ್ಟೂರ್ ಎಂಬ ಮುರುಕು ಅಕ್ಷರದಲ್ಲಿರುತ್ತವೆ, ಒಂದು ವಾರದಲ್ಲಿ ರೂಢಿಯಾಗುತ್ತದೆ. ಕೈಬರಹ ಹಾಗಲ್ಲ. ವಯಸ್ಸಾದ ಗುಮಾಸ್ತರು ಕುರೆಂಟ್ ಶೈಲಿಯಲ್ಲಿ ಬರೆಯುತ್ತಿದ್ದರು. ಅದರಲ್ಲಿ ‘ಎ’ ಅಕ್ಷರ ನೋಡಲು ‘ಎನ್’ನಂತೆಯೇ, ‘ಯು’ ಅಕ್ಷರವನ್ನು ‘ಎನ್’ನಿಂದ ಬೇರ್ಪಡಿಸಲು ಅದರ ನೆತ್ತಿಯ ಮೇಲೆ ಒಂದು ಚಿಕ್ಕ ಕಮಾನು. 1941ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಶಾಲೆಗಳಲ್ಲಿ ಹಳೆಯ ಬರಹ ನಿಲ್ಲಿಸಿ ಲ್ಯಾಟಿನ್ ಬರಹ ತಂದಿತು. ಆದರೂ ಕಲಿತ ಕೈ ಬದಲಾಗಲಿಲ್ಲ. ನಮಗೆ ಫಲ ಕೊಟ್ಟ ಉಪಾಯ ಇದು: ಗೊತ್ತಿರುವ ಪದದಿಂದ ಹೊರಡುವುದು. ಸೈನಿಕನ ಊರು, ತಿಂಗಳ ಹೆಸರು, ಹುದ್ದೆಯ ಹೆಸರು ಇವನ್ನು ಮೊದಲು ಗುರುತಿಸಿ, ಆ ಗುಮಾಸ್ತನ ಅಕ್ಷರಗಳ ಒಂದು ಪಟ್ಟಿ ಮಾಡಿಕೊಂಡು, ಆಮೇಲೆ ಅದೇ ಕೈಯ ಗೊತ್ತಿಲ್ಲದ ಪದಕ್ಕೆ ಹೋಗುವುದು. ಪುಸ್ತಕದಲ್ಲಿ ಹತ್ತು ಹನ್ನೆರಡು ಕೈಗಳಿರುತ್ತವೆ, ಪ್ರತಿ ಕೈಗೂ ಬೇರೆ ಪಟ್ಟಿ ಬೇಕು.

ಈಗ ಪುಟಗಳಿಗೆ ಬರೋಣ. ಒಂದನೇ ಪುಟದಲ್ಲಿ ಹೆಸರು, ಬಿಲ್ಲೆಯ ಬರಹ, ರಕ್ತದ ಗುಂಪು, ಗ್ಯಾಸ್ ಮುಖವಾಡದ ಅಳತೆ, ವೇರ್‌ನಂಬರ್, ಮತ್ತು ಬಡ್ತಿಗಳ ಸಾಲುಗಳು. ವೇರ್‌ನಂಬರ್‌ನಲ್ಲಿ ಸೇನಾ ನೋಂದಣಿ ಕಚೇರಿಯ ಊರು, ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿ ಅಡಗಿರುತ್ತವೆ. ಎರಡನೇ ಪುಟದ ಜನ್ಮದಿನದೊಂದಿಗೆ ಅದು ತಾಳೆಯಾಗದಿದ್ದರೆ ಅಲ್ಲೇ ನಿಂತು ಯೋಚಿಸಬೇಕು. ಎರಡನೇ ಪುಟದಲ್ಲಿ ಮೈಕಟ್ಟು, ಮುಖ, ಕೂದಲು, ಕಣ್ಣು, ಕಸುಬು, ಬೂಟಿನ ಅಳತೆ, ಸಹಿ. ಮೂರನೇ ಪುಟದಲ್ಲಿ ತಿದ್ದುಪಡಿಗಳನ್ನು ದೃಢೀಕರಿಸುವ ಸಹಿ ಮೊಹರುಗಳು. ಇದನ್ನು ಯಾರೂ ಓದುವುದಿಲ್ಲ, ಆದರೆ ಬಡ್ತಿ ಅಥವಾ ತುಕಡಿ ಬದಲಾದ ದಿನಾಂಕ ಬೇರೆ ಕಡೆ ಮಾಸಿದ್ದರೆ ಇಲ್ಲಿ ಸಿಗುತ್ತದೆ.

ನಾಲ್ಕನೇ ಪುಟವೇ ಹೃದಯ. ಅಲ್ಲಿ ಮೂರು ಅಂಕಣ: ಯಾವ ಬದಲಿಪಡೆ ಅವನನ್ನು ಯುದ್ಧಭೂಮಿಗೆ ಕಳಿಸಿತು, ಯಾವ ಯುದ್ಧತುಕಡಿ ಅವನನ್ನು ತೆಗೆದುಕೊಂಡಿತು, ಈಗ ಅವನಿಗೆ ಹೊಣೆಯಾದ ಬದಲಿಪಡೆ ಯಾವುದು. ಹಳೆಯದನ್ನು ಒಂದೇ ಗೆರೆಯಲ್ಲಿ ಹೊಡೆದು ಕೆಳಗೆ ಹೊಸದನ್ನು ಬರೆಯುವುದು ಪದ್ಧತಿ. ಹಾಗಾಗಿ ಹೊಡೆದ ಸಾಲುಗಳೇ ನಮಗೆ ಹೆಚ್ಚು ಬೆಲೆಯವು. ನಮ್ಮ ರೈತನ ಪುಟದಲ್ಲಿ ನಡುವಿನ ಅಂಕಣದ ಮೊದಲ ಸಾಲು ‘7./ಐ.ಆರ್. 578’. ಐ.ಆರ್. ಎಂದರೆ ಇನ್‌ಫಾಂಟೆರಿ ರೆಜಿಮೆಂಟ್, ಕಾಲಾಳು ರೆಜಿಮೆಂಟು. ಅರೇಬಿಕ್ ಅಂಕಿ ಮೊದಲಿದ್ದರೆ ಕಂಪನಿ, ರೋಮನ್ ಅಂಕಿ ಮೊದಲಿದ್ದರೆ ಬಟಾಲಿಯನ್. ಯುದ್ಧದ ಮೊದಲ ವರ್ಷಗಳ ಕಾಲಾಳು ರೆಜಿಮೆಂಟಿನಲ್ಲಿ 1ರಿಂದ 4 ಮೊದಲ ಬಟಾಲಿಯನ್, 5ರಿಂದ 8 ಎರಡನೆಯದು, 9ರಿಂದ 12 ಮೂರನೆಯದು, 13 ಕಾಲಾಳು ಫಿರಂಗಿ, 14 ಟ್ಯಾಂಕ್‌ನಾಶಕ. ಅಂದರೆ ಇವನು 578ನೇ ರೆಜಿಮೆಂಟಿನ ಎರಡನೇ ಬಟಾಲಿಯನ್ನಿನವ. ಆ ರೆಜಿಮೆಂಟು 576 ಮತ್ತು 577ರ ಜೊತೆ ಸೇರಿ 305ನೇ ಕಾಲಾಳು ಡಿವಿಷನ್. ನೈರುತ್ಯ ಜರ್ಮನಿಯ 5ನೇ ಸೇನಾ ವಲಯದಲ್ಲಿ 1940ರ ಕೊನೆಗೆ ಕಟ್ಟಿದ್ದು.

ಅದರ ಕೆಳಗಿನ ಸಾಲಿನಲ್ಲಿ ‘ಗ್ರೆನ್.ರೆಗ್ಟ್. 578’ ಎಂದಿದೆ. ತುಕಡಿ ಬದಲಾದಂತೆ ಕಾಣುತ್ತದೆ, ಬದಲಾಗಿಲ್ಲ. 1942ರ ಅಕ್ಟೋಬರ್ 15ರಂದು ಜರ್ಮನ್ ಭೂಸೇನೆ ತನ್ನ ಕಾಲಾಳು ರೆಜಿಮೆಂಟುಗಳಿಗೆಲ್ಲ ಗ್ರೆನಡಿಯರ್ ಎಂಬ ಹೆಸರು ಕೊಟ್ಟಿತು. ಈ ದಿನಾಂಕ ನೆನಪಿರಲಿ, ಖೋಟಾ ಹಿಡಿಯಲೂ ಬರುತ್ತದೆ. 1941ರಲ್ಲಿ ಬರೆದದ್ದೆಂದು ಹೇಳುವ ಸಾಲಿನಲ್ಲಿ ಗ್ರೆನಡಿಯರ್ ರೆಜಿಮೆಂಟ್ ಇದ್ದರೆ ಅದನ್ನು ಆಮೇಲೆ ಯಾರೋ ಬರೆದಿದ್ದಾರೆ.

ಮೊಹರುಗಳಲ್ಲಿ ತುಕಡಿಯ ಹೆಸರು ಇರುವುದು ಕಡಿಮೆ. ಗುಟ್ಟು ಕಾಪಾಡಲು ಫೆಲ್ಡ್‌ಪೋಸ್ಟ್ ನಂಬರ್ ಎಂಬ ಐದಂಕಿಯ ಅಂಚೆಸಂಖ್ಯೆ ಬಳಸುತ್ತಿದ್ದರು. ಬಟಾಲಿಯನ್ನಿಗೆ ಒಂದು ಸಂಖ್ಯೆ, ಕೊನೆಗೆ ಒಂದು ಅಕ್ಷರ. ಸಾಮಾನ್ಯವಾಗಿ ಎ ಎಂದರೆ ಬಟಾಲಿಯನ್ ಕಚೇರಿ, ಬಿ ಎಂದರೆ ಅದರ ಮೊದಲ ಕಂಪನಿ, ಸಿ ಎರಡನೆಯದು, ಡಿ ಮೂರನೆಯದು, ಇ ನಾಲ್ಕನೆಯದು. ಎರಡನೇ ಬಟಾಲಿಯನ್ನಿನಲ್ಲಿ ಡಿ ಎಂದರೆ 7ನೇ ಕಂಪನಿ. ನಮ್ಮ ಪುಸ್ತಕದ ಚುಚ್ಚುಮದ್ದಿನ ಪುಟದ ಮೊಹರಿನ ಕೊನೆಯಲ್ಲಿ ಡಿ ಇದೆ, ನಾಲ್ಕನೇ ಪುಟದ ‘7.’ಗೆ ಸರಿಯಾಗಿ ಕೂಡುತ್ತದೆ. ಹೀಗೆ ಎರಡು ಬೇರೆ ಪುಟ, ಎರಡು ಬೇರೆ ಕೈ ಒಂದೇ ಮಾತು ಹೇಳಿದಾಗ ಮಾತ್ರ ನಾವು ಅದನ್ನು ಖಚಿತ ಎಂದು ಬರೆದುಕೊಳ್ಳುತ್ತೇವೆ. ಸಂಖ್ಯೆಯನ್ನು ತುಕಡಿಗೆ ತಿರುಗಿಸುವಾಗ ದಿನಾಂಕವಿಲ್ಲದೆ ಹೆಜ್ಜೆ ಇಡಬೇಡಿ. ಅಳಿದ ತುಕಡಿಯ ಸಂಖ್ಯೆಯನ್ನು ರದ್ದುಮಾಡಿ ಮುಂದೆ ಬೇರೆಯವರಿಗೆ ಕೊಡುತ್ತಿದ್ದರು. 1940ರಲ್ಲಿ ಸೇತುವೆ ಕಟ್ಟುವ ಪಡೆಗಿದ್ದ ಸಂಖ್ಯೆ 1944ರಲ್ಲಿ ಬೇಕರಿ ಕಂಪನಿಯದಾಗಿರಬಹುದು.

ನಮ್ಮ ರೈತನ ವಿಷಯದಲ್ಲಿ ಎಲ್ಲವೂ ತಿರುಗುವುದು ಆಸ್ಪತ್ರೆಯ ಪುಟದ ಒಂದು ಸಾಲಿನ ಮೇಲೆ. ಕಾಪಿಯಿಂಗ್ ಪೆನ್ಸಿಲ್, ಅವಸರದ ಕೈ. ಮೊದಲ ಕಾಲಂನಲ್ಲಿ ಫೆಲ್ಡ್‌ಲಾಜರೆಟ್, ಸೇರಿದ ದಿನ 17.10.42. ರೋಗದ ಹೆಸರಿಲ್ಲ, ಬರೀ ಸಂಕೇತಸಂಖ್ಯೆ. ಪುಸ್ತಕ ಯಾರ ಕೈಗೆ ಬಿದ್ದರೂ ಕಾಯಿಲೆ ತಿಳಿಯದಿರಲೆಂದು ಹಾಗೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಕ್ರೀಗ್ಸ್‌ಲಾಜರೆಟ್, ಅದರ ಕೆಳಗೆ ನವೆಂಬರ್ ಮೊದಲ ವಾರದ ದಿನಾಂಕದೊಂದಿಗೆ ಜರ್ಮನಿಯ ಒಂದು ಊರಿನ ರೆಸರ್ವ್‌ಲಾಜರೆಟ್. ಈ ಮೂರು ಹೆಸರುಗಳ ಕ್ರಮವೇ ಒಂದು ದಾರಿ: ಕಾಳಗದ ಹಿಂದಿನ ಡೇರೆಯಿಂದ ಹಿಂದಿನ ಪಟ್ಟಣಕ್ಕೆ, ಅಲ್ಲಿಂದ ತಾಯ್ನಾಡಿಗೆ. 305ನೇ ಡಿವಿಷನ್ ಅಕ್ಟೋಬರ್ 14ರಂದು ಸ್ಟಾಲಿನ್‌ಗ್ರಾಡ್‌ನ ಟ್ರ್ಯಾಕ್ಟರ್ ಕಾರ್ಖಾನೆಯ ಮೇಲಿನ ದೊಡ್ಡ ದಾಳಿಯಲ್ಲಿತ್ತು. ಸೋವಿಯತ್ ಸೇನೆಯ ಪ್ರತಿದಾಳಿ ನವೆಂಬರ್ 19ಕ್ಕೆ, ಮುತ್ತಿಗೆ ಪೂರ್ಣವಾದದ್ದು 23ಕ್ಕೆ. ಅಂದರೆ ದಾಳಿ ಶುರುವಾದ ಮೂರು ದಿನದೊಳಗೆ ಗಾಯಗೊಂಡು, ಮುತ್ತಿಗೆಗೆ ಹೆಚ್ಚುಕಡಿಮೆ ಎರಡು ವಾರ ಮೊದಲು ಅವನು ಜರ್ಮನಿಯ ಹಾಸಿಗೆಯಲ್ಲಿದ್ದ. ಅವನ ರೆಜಿಮೆಂಟಿನಲ್ಲಿ ಉಳಿದವರು 1943ರ ಫೆಬ್ರವರಿ ಹೊತ್ತಿಗೆ ಸತ್ತಿದ್ದರು, ಇಲ್ಲವೇ ಸೆರೆಯಾಗಿದ್ದರು. ಆ ಪೆನ್ಸಿಲ್ ಗೆರೆಯ ಮೇಲೆ ಬೆರಳಿಡಲು ನಮಗೆ ಈಗಲೂ ಕೈ ಬರುವುದಿಲ್ಲ.

ಇಲ್ಲಿಂದ ಮುಂದಿನ ಬಲೆ ಇನ್ನೂ ಸೂಕ್ಷ್ಮ. 1943ರ ಬೇಸಗೆಯ ಸಾಲಿನಲ್ಲಿ ಮತ್ತೆ 578ನೇ ರೆಜಿಮೆಂಟ್! ಅವಸರದಲ್ಲಿ ಓದಿದವರು ಅವನು ರಷ್ಯಾಕ್ಕೆ ಮರಳಿದ ಎನ್ನುತ್ತಾರೆ. ಸ್ಟಾಲಿನ್‌ಗ್ರಾಡ್‌ನಲ್ಲಿ ಅಳಿದ ಡಿವಿಷನ್‌ಗಳಲ್ಲಿ ಹಲವನ್ನು ಅದೇ ಸಂಖ್ಯೆಯಲ್ಲಿ ಮತ್ತೆ ಕಟ್ಟಿದರು. ಹೊಸ 305 ಫ್ರಾನ್ಸಿನಲ್ಲಿ ಹುಟ್ಟಿ, 1943ರಲ್ಲೇ ಇಟಲಿಗೆ ಹೋಗಿ, ಯುದ್ಧದ ಕೊನೆಯವರೆಗೂ ಅಲ್ಲೇ ಇತ್ತು. ಗುಣವಾದವರು ಮೊದಲು ತಮ್ಮ ಬದಲಿಪಡೆಯ ಚೇತರಿಕೆ ಕಂಪನಿಗೆ, ಅಲ್ಲಿಂದ ಹೊಸ ತುಕಡಿಗೆ. ನಾಲ್ಕನೇ ಪುಟದ ಮೂರನೇ ಅಂಕಣದಲ್ಲಿ ಆ ನಡುವಿನ ತಿಂಗಳುಗಳ ಬದಲಿಪಡೆ ಬರೆದಿದೆ, ಬಟ್ಟೆಯ ಪುಟದಲ್ಲಿ ಹೊಸ ಬೂಟು, ಹೊಸ ಕೋಟು ಕೊಟ್ಟ ದಿನಾಂಕವಿದೆ. ಬೂಟು ಕೊಟ್ಟ ದಿನವನ್ನು ಹಗುರವಾಗಿ ನೋಡಬೇಡಿ. ಹೊರಡುವ ವಾರದಲ್ಲೇ ಹೊಸ ಸಾಮಾನು ಕೊಡುತ್ತಿದ್ದುದರಿಂದ ಅದು ಹೊರಟ ದಿನಕ್ಕೆ ತೀರ ಹತ್ತಿರದ ಸಾಕ್ಷಿ.

ಪದಕಗಳು 22ನೇ ಪುಟದಲ್ಲಿ. ಇರುವುದರಷ್ಟೇ ಇಲ್ಲದ್ದೂ ಮಾತಾಡುತ್ತದೆ. ಇವನಿಗೆ ಪೂರ್ವದ ಚಳಿಗಾಲದ ಪದಕವಿಲ್ಲ. 1942ರ ಮೇ 26ರಂದು ಸ್ಥಾಪಿಸಿದ ಆ ಪದಕ 1941ರ ನವೆಂಬರ್ 15ರಿಂದ 1942ರ ಏಪ್ರಿಲ್ 15ರ ನಡುವೆ ಪೂರ್ವರಂಗದಲ್ಲಿದ್ದವರಿಗೆ, ಅದಕ್ಕೆ ಸೈನಿಕರೇ ಇಟ್ಟ ಹೆಸರು ‘ಹೆಪ್ಪುಗಟ್ಟಿದ ಮಾಂಸದ ಪದಕ’. 305 ಆಗ ಫ್ರಾನ್ಸಿನಲ್ಲಿತ್ತು, ರಷ್ಯಾಕ್ಕೆ ಬಂದದ್ದು 1942ರ ಮೇನಲ್ಲಿ. ಹಾಗಾಗಿ ಖಾಲಿ ಜಾಗ ಸರಿಯಾಗಿದೆ. ಇರುವುದು ಕಪ್ಪು ಗಾಯದ ಬಿಲ್ಲೆ. ಕಪ್ಪು ಒಂದೆರಡು ಗಾಯಕ್ಕೆ, ಬೆಳ್ಳಿ ಮೂರು ನಾಲ್ಕಕ್ಕೆ, ಚಿನ್ನ ಐದು ಅಥವಾ ಹೆಚ್ಚಿಗೆ. ಆಸ್ಪತ್ರೆಯ ಪುಟದೊಂದಿಗೆ ಎಣಿಸಿ ನೋಡಿ. ಬೆಳ್ಳಿಯ ಬಿಲ್ಲೆ ಇದ್ದು ಆಸ್ಪತ್ರೆಯ ಒಂದೇ ಸಾಲಿದ್ದರೆ, ಒಂದೋ ಕಣ್ಣು ಕೈ ಹೋದಂಥ ಭಾರಿ ಗಾಯ, ಇಲ್ಲವೇ ಪುಸ್ತಕ ಎರಡನೇ ಪ್ರತಿ.

ಎರಡನೇ ಪ್ರತಿಯ ವಿಚಾರ ಬಂದದ್ದಕ್ಕೆ ಹೇಳಬೇಕು. ನದಿ ದಾಟುವಾಗ, ಹಿಮ್ಮೆಟ್ಟುವಾಗ ಪುಸ್ತಕ ಕಳೆದರೆ ಹೊಸದು ಕೊಡುತ್ತಿದ್ದರು. ಆಗ ಹಳೆಯ ವರ್ಷಗಳ ಸಾಲುಗಳೆಲ್ಲ ಒಂದೇ ಕೈ, ಒಂದೇ ಶಾಯಿ, ಒಂದೇ ದಿನದ ಬರಹ. ಇದನ್ನು ಖೋಟಾ ಎಂದು ತಪ್ಪು ತಿಳಿಯುವವರುಂಟು. ಖೋಟಾದ ಗುರುತು ಬೇರೆ: ಮೊಹರಿನ ಅರ್ಧ ಫೋಟೊ ಮೇಲೆ, ಅರ್ಧ ರಟ್ಟಿನ ಮೇಲೆ ಬಿದ್ದು ಗೆರೆ ಕೂಡದಿದ್ದರೆ ಫೋಟೊ ಆಮೇಲೆ ಅಂಟಿಸಿದ್ದು. ನೇರಳಾತೀತ ದೀಪದಡಿ ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಯುದ್ಧಾನಂತರದ ಬಿಳುಪುಕಾರಕವಿದೆ. ಪೇಟೆಯಲ್ಲಿ ಅಸಲಿ ಪುಸ್ತಕಕ್ಕೆ ನಕಲಿ ಪದಕ ಬರೆದು ಬೆಲೆ ಏರಿಸುವುದು ಎಲ್ಲಕ್ಕಿಂತ ಹೆಚ್ಚು. ಪದಕದ ಸಾಲಿನಲ್ಲಿ ಮೊಹರಿನ ತುಕಡಿ ಆ ದಿನಾಂಕದಲ್ಲಿ ಅವನದೇ ತುಕಡಿಯೇ ಎಂದು ಮೊದಲು ನೋಡಿ.

ರಜೆಯ ಪುಟಗಳನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ರೂಢಿ. ಹೊರಟ ದಿನ, ಮರಳುವ ದಿನ, ಹೋಗುವ ಊರು, ಕಾರಣ, ಮೊಹರು. ಹೋಗುವ ಊರು ಐದನೇ ಪುಟದ ಹೆಂಡತಿಯ ಅಥವಾ ತಂದೆತಾಯಿಯ ವಿಳಾಸಕ್ಕೆ ಹೊಂದಬೇಕು. ಹೊಂದದಿದ್ದರೆ ಬಾಂಬಿಗೆ ಮನೆ ಹೋಗಿ ಸಂಬಂಧಿಕರಲ್ಲಿಗೆ ಹೋಗಿರಬಹುದು, ಐದನೇ ಪುಟದಲ್ಲಿ ವಿಳಾಸ ತಿದ್ದಿದೆಯೇ ನೋಡಿ.

ಇಷ್ಟಾದ ಮೇಲೆ ಎಲ್ಲ ದಿನಾಂಕಗಳನ್ನು ಒಂದೇ ಪಟ್ಟಿಗೆ ಇಳಿಸುತ್ತೇವೆ: ದಿನ, ಪುಟ, ಬರೆದದ್ದು ಯಥಾವತ್ತು, ಮೊಹರಿನ ಸಂಖ್ಯೆ, ನಮ್ಮ ಅರ್ಥ. ಬರೆದದ್ದನ್ನೂ ನಮ್ಮ ಅರ್ಥವನ್ನೂ ಒಂದೇ ಅಂಕಣದಲ್ಲಿ ಬೆರೆಸಿದರೆ ಆರು ತಿಂಗಳ ಮೇಲೆ ಯಾವುದು ಯಾವುದೆಂದು ನಮಗೇ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಎರಡು ಮೂರು ತಿಂಗಳ ಖಾಲಿ ಜಾಗಗಳು ಉಳಿಯುತ್ತವೆ. ಅವಕ್ಕಾಗಿ ಹೊರಗೆ ಹೋಗಬೇಕು.

ಸೋಲ್ಡ್‌ಬೂಖಿನಲ್ಲಿ ಕಾಳಗಗಳ ಹೆಸರಿಲ್ಲ. ಅದು ವೇರ್‌ಪಾಸಿನಲ್ಲಿ, ಪಾಲ್ಗೊಂಡ ಕಾಳಗಗಳ ಪಟ್ಟಿಯಾಗಿ, ದಿನಾಂಕ ಸಮೇತ ಇರುತ್ತದೆ. ಮನೆಯಲ್ಲಿ ಆ ಪುಸ್ತಕ ಉಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದಿಲ್ಲದಿದ್ದರೆ ಬರ್ಲಿನ್ನಿಗೆ ಬರೆಯಬೇಕು. 1939ರ ಆಗಸ್ಟ್‌ನಲ್ಲಿ, ಸೆರೆಯಾಳುಗಳ ಬಗ್ಗೆ 1929ರಲ್ಲಾದ ಜಿನೀವಾ ಒಪ್ಪಂದದಂತೆ, ವಾಸ್ಟ್ ಎಂದು ಚಿಕ್ಕದಾಗಿ ಕರೆಯುವ ಮಾಹಿತಿ ಕಚೇರಿ ಅಲ್ಲಿ ತೆರೆಯಿತು. ತುಕಡಿಗಳು ಬಿಲ್ಲೆಗಳ ಪಟ್ಟಿಯನ್ನೂ, ಬಂದುಹೋದವರ ಲೆಕ್ಕವನ್ನೂ, ಸತ್ತವರ, ಗಾಯಾಳುಗಳ, ಕಾಣೆಯಾದವರ ವರದಿಯನ್ನೂ ಅದಕ್ಕೆ ಕಳಿಸುತ್ತಿದ್ದವು. ಯುದ್ಧದ ನಡುವೆ ಥ್ಯುರಿಂಗಿಯಾಕ್ಕೆ ಸಾಗಿ, ಆಮೇಲೆ ಬರ್ಲಿನ್ನಿಗೆ ಮರಳಿ, 2019ರ ಜನವರಿಯಿಂದ ಅದು ಬುಂಡೆಸ್‌ಆರ್ಕೀವ್ ಎಂಬ ರಾಷ್ಟ್ರೀಯ ದಾಖಲಾಲಯದ ಭಾಗ. ಅಲ್ಲಿನ ಕೇಂದ್ರ ಕಾರ್ಡುಪಟ್ಟಿಯಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನರ ಕಾರ್ಡುಗಳಿವೆ. ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ಊರು, ಬಿಲ್ಲೆಯ ಪೂರ್ತಿ ಬರಹ ಕೊಡಿ. ಮೊದಲು ತಪ್ಪುದಾರಿ ಹಿಡಿಸಿದ ಆ ಬಿಲ್ಲೆಯ ಸಾಲು ಇಲ್ಲಿ ಬೀಗದ ಕೈಯಾಗುತ್ತದೆ. ಸಂಬಂಧಿಯಲ್ಲದವರಿಗೆ ಸಾಮಾನ್ಯವಾಗಿ ಆ ವ್ಯಕ್ತಿ ಸತ್ತು 10 ವರ್ಷ, ಸಾವಿನ ದಿನ ತಿಳಿಯದಿದ್ದರೆ ಹುಟ್ಟಿ 100 ವರ್ಷ ಕಳೆದಿರಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನಡುವೆ ಮತ್ತೆ ಅರ್ಜಿ ಹಾಕಿದರೆ ಎರಡು ಕಡತಗಳಾಗಿ ಗೊಂದಲವೇ ಹೆಚ್ಚು.

ಸಾಮಾನ್ಯ ಸೈನಿಕನ ಪೂರ್ಣ ಕಡತ ಸಿಗುವುದು ಅಪರೂಪ. 1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನದಾಳಿಗೆ ಪಾಟ್ಸ್‌ಡಾಮ್‌ನ ಸೇನಾ ದಾಖಲಾಲಯ ಸುಟ್ಟು, ಅಪಾರ ಕಾಗದ ಬೂದಿಯಾಯಿತು. ಉಳಿದ ಡಿವಿಷನ್ ಡೈರಿಗಳು ಫ್ರೈಬುರ್ಗ್‌ನ ಸೇನಾ ವಿಭಾಗದಲ್ಲಿ ‘ಆರ್‌ಎಚ್ 26’ ಎಂಬ ಗುಂಪಿನಲ್ಲಿ, ಮುಂದೆ ಡಿವಿಷನ್ನಿನ ಸಂಖ್ಯೆ. ನಮ್ಮವನಿಗೆ ಆರ್‌ಎಚ್ 26-305. ವಶಪಡಿಸಿಕೊಂಡ ಕಾಗದಗಳ ಮೈಕ್ರೊಫಿಲಂ ಅಮೆರಿಕದ ರಾಷ್ಟ್ರೀಯ ದಾಖಲಾಲಯದಲ್ಲಿದೆ, ಡಿವಿಷನ್‌ಗಳದ್ದು ಟಿ-315. ಅವುಗಳಲ್ಲಿ ಅವನ ಹೆಸರು ಸಿಗದು, ಅವನ ಕಂಪನಿ ಆ ದಿನ ಯಾವ ಹಳ್ಳಿಯಲ್ಲಿತ್ತೆಂಬುದು ಸಿಗುತ್ತದೆ. ತುಕಡಿ ಮಾಡಿದ ಅಪರಾಧಗಳೂ ಅಲ್ಲೇ ಎದುರಾಗಬಹುದು. 1958ರಿಂದ ನಾಜಿ ಅಪರಾಧಗಳನ್ನು ಶೋಧಿಸಿದ ಲುಡ್ವಿಗ್ಸ್‌ಬುರ್ಗ್ ಕಚೇರಿಯ ಕಡತಗಳನ್ನೂ ನೋಡದೆ ಯಾವ ತುಕಡಿಯ ಕತೆಯನ್ನೂ ಪೂರ್ತಿಯಾಯಿತೆಂದು ಮನೆಯವರಿಗೆ ಕೊಡುವುದು ಸರಿಯಲ್ಲ ಎಂಬುದು ನಮ್ಮ ನಿಲುವು.

ಇಟಲಿಯ ವರ್ಷಗಳಿಗೆ ಎದುರುಪಕ್ಷದ ಡೈರಿಗಳೂ ಇವೆ, ಇಲ್ಲಿ ನಮ್ಮ ಕಡೆಯ ಕೊಂಡಿ ಸಿಗುತ್ತದೆ. ಭಾರತದ 4, 8 ಮತ್ತು 10ನೇ ಡಿವಿಷನ್‌ಗಳು ಆ ರಂಗದಲ್ಲಿದ್ದವು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಬಟಾಲಿಯನ್‌ಗಳೂ ಅವುಗಳಲ್ಲಿ. 1944ರ ಜುಲೈನಲ್ಲಿ ಮೇಲಿನ ಟೈಬರ್ ಕಣಿವೆಯಲ್ಲಿ ಯಶವಂತ ಘಾಡ್ಗೆ, 1945ರ ಏಪ್ರಿಲ್‌ನಲ್ಲಿ ಸೆನಿಯೊ ನದಿಯ ದಡದಲ್ಲಿ ನಾಮದೇವ ಜಾಧವ್ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಅದೇ ರೆಜಿಮೆಂಟಿನವರಾಗಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಲಯದ ಯುದ್ಧ ಡೈರಿಗಳಲ್ಲಿ ಸೆರೆಸಿಕ್ಕ ಜರ್ಮನರು ಯಾವ ರೆಜಿಮೆಂಟಿನವರೆಂದು ಬರೆದಿಟ್ಟಿರುವುದುಂಟು. ಜರ್ಮನ್ ಡೈರಿ ಸುಟ್ಟುಹೋದ ವಾರಕ್ಕೆ ಭಾರತೀಯ ಬಟಾಲಿಯನ್ನಿನ ಡೈರಿ ಸಾಕ್ಷಿ ಹೇಳುತ್ತದೆ. ಇನ್ನೊಂದು ಕೊಂಡಿ, ಸುಭಾಷ್‌ಚಂದ್ರ ಬೋಸರು ಭಾರತೀಯ ಸೆರೆಯಾಳುಗಳಿಂದ ಕಟ್ಟಿಸಿದ, ಜರ್ಮನ್ ಸೇನೆಯ 950ನೇ ರೆಜಿಮೆಂಟ್. ಅದರವರ ಕಾಗದ ಹುಡುಕುವಾಗ 1944ರ ಆಗಸ್ಟ್‌ನಲ್ಲಿ ಅದು ಭೂಸೇನೆಯಿಂದ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ವಾಫೆನ್ ಎಸ್‌ಎಸ್‌ಗೆ ವರ್ಗವಾದದ್ದು ನೆನಪಿರಬೇಕು, ಆ ತಿಂಗಳಿಂದ ಮುಂದೆ ಹುಡುಕುವ ಕಪಾಟೇ ಬೇರೆ.

ನಮ್ಮ ರೈತನ ಪುಸ್ತಕದ ಕೊನೆಯ ಮೊಹರು 1945ರ ಮಾರ್ಚಿನ ಸಂಬಳದ್ದು. ಇಟಲಿಯಲ್ಲಿದ್ದ ಜರ್ಮನ್ ಸೇನೆ ಮೇ 2ರಂದು ಶರಣಾಯಿತು. ಪುಸ್ತಕದ ಹಿಂದಿನ ರಟ್ಟಿನ ಕಿಸೆಯಲ್ಲಿ ನಾಲ್ಕಾಗಿ ಮಡಿಚಿದ ಒಂದು ಹಾಳೆ ಇದೆ. ಬ್ರಿಟಿಷರೂ ಅಮೆರಿಕನ್ನರೂ ಬಿಡುಗಡೆಯಾದವರಿಗೆ ಕೊಡುತ್ತಿದ್ದ ಡಿ-2 ನಮೂನೆ. ಕಸುಬು ಎಂಬಲ್ಲಿ ರೈತ, ಬಿಡುಗಡೆಯ ಊರು ಐದನೇ ಪುಟದಲ್ಲಿರುವ ಅವನ ತಾಯಿಯ ಊರು, ಕೆಳಗೆ ಬಲ ಹೆಬ್ಬೆರಳಿನ ಗುರುತು.